ಎಡಗಡೆಯ ಪಟ್ಟಿ

ಹಳೇಬೀಡು ಈಚಿನ ಶತಮಾನಗಳಲ್ಲಿ ಅನುಭವಿಸಿದ ಅತ್ಯಂತ ಗಂಭೀರವಾದ ನಷ್ಟವೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಕಳೆದುಹೋದದ್ದು ಒಂದು ಪ್ಲಾಸ್ಟಿಕ್ ಪಟ್ಟಿ. ಉದ್ದ ಗೇಣಿಗೆ ಕಡಿಮೆ, ಅಗಲ ಬೆರಳಿನಷ್ಟು, ಬಣ್ಣ ಹಸಿರು. ತುದಿಯಲ್ಲೊಂದು ಬಾಗಿದ ನಾಲಗೆ, ಮೈಯಲ್ಲಿ ಎರಡು ತೂತು. ತೊಂಬತ್ತೈದನೇ ಇಸವಿಯ ಕೆಲವು ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಹಾರ್ಡ್ ಡಿಸ್ಕನ್ನು ಹಿಡಿದು ನಿಲ್ಲಿಸಲು ಇಂಥವು ಎರಡಿರುತ್ತಿದ್ದವು, ಎಡಕ್ಕೊಂದು, ಬಲಕ್ಕೊಂದು. ಡಿಸ್ಕಿನ ಎರಡೂ ಪಕ್ಕೆಗೆ ಪಟ್ಟಿ ಬಿಗಿದು, ಮೇಜಿನ ಡ್ರಾಯರ್ ತಳ್ಳಿದಂತೆ ಒಳಗೆ ತಳ್ಳಿದರೆ ಟಕ್ಕೆಂದು ಕೂರುತ್ತಿತ್ತು.

ಪ್ರಭಾಚಂದ್ರರ ಕಂಪ್ಯೂಟರಿನಲ್ಲಿ ಬಲಗಡೆಯದು ಇತ್ತು. ಎಡಗಡೆಯದು ಇರಲಿಲ್ಲ. ಅದಿಲ್ಲದೆ ಡಿಸ್ಕು ಒಂದು ಕಡೆಗೆ ವಾಲುತ್ತಿತ್ತು, ಅದರ ಇನ್ನೊಂದು ಮೂಲೆ ಮೇಲೆದ್ದು ಪೆಟ್ಟಿಗೆಯ ಮುಚ್ಚಳ ಕೂರುತ್ತಿರಲಿಲ್ಲ.

ಪ್ರಭಾಚಂದ್ರರು ಹಳೇಬೀಡಿನ ಜೈನ ವ್ಯಾಪಾರಿ. ಮೂವತ್ತೆಂಟು ವರ್ಷ ರಸಗೊಬ್ಬರ ಮತ್ತು ಬಿತ್ತನೆ ಬೀಜ ಮಾರಿ, ಎಪ್ಪತ್ತು ದಾಟಿದ ಮೇಲೆ ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿದ್ದಾರೆ. ಊರಿಗೆ ಮೊದಲ ಕಂಪ್ಯೂಟರ್ ತಂದವರು ತಾವೇ ಎಂದು ಹೇಳಿಕೊಳ್ಳುತ್ತಾರೆ; ಅಲ್ಲ ಎಂದು ಸಾಧಿಸುವಷ್ಟು ವ್ಯವಧಾನ ಊರಿನಲ್ಲಿ ಯಾರಿಗೂ ಇಲ್ಲ. ಬೆಂಗಳೂರಿನಲ್ಲಿ ಹಳೆಯ ಕಂಪ್ಯೂಟರುಗಳ ಸಂಗ್ರಹಾಲಯವೊಂದು ಶುರುವಾಗುತ್ತಿದೆ ಎಂದು ಪೇಪರಿನಲ್ಲಿ ಓದಿ ಅವರು ಕಾಗದ ಬರೆದರು. ಅಲ್ಲಿಂದ ನಟರಾಜ್ ಎಂಬವರ ಉತ್ತರವೂ ಬಂತು. ಭಾನುವಾರ ವ್ಯಾನ್ ತರುತ್ತೇವೆ, ಪೆಟ್ಟಿಗೆ ಪೂರ್ತಿಯಾಗಿರಬೇಕು, ಹೊಸದಾಗಿ ತೂತು ಕೊರೆದಿರಬಾರದು, ಅಂಟು ಹಾಕಿರಬಾರದು, ಹಾಗೆಂದು ಮಾಲೀಕರು ಸಹಿ ಮಾಡಿ ಕೊಡಬೇಕು.

ಇದು ಗುರುವಾರದ ಮಾತು. ಅವರ ಹೆಂಡತಿ ಜಿನಮತಿಯವರು ಕಾಗದವನ್ನು ಕೇಳಿಸಿಕೊಂಡು ತೀರ್ಪು ಕೊಟ್ಟರು.

"ಭಾನುವಾರ ಅವರು ತಗೊಂಡ್ ಹೋದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಗುಜರಿಗೆ. ಇಪ್ಪತ್ತು ವರ್ಷದಿಂದ ಕೆಟ್ಟು ಕೂತಿರೋದನ್ನ ದಿನಾ ಒರೆಸ್ತಾ ಇದೀನಿ. ನನ್ ಮಕ್ಕಳನ್ನೂ ಇಷ್ಟು ಒರೆಸಲಿಲ್ಲ."

"ಆಯ್ತು," ಎಂದರು ಪ್ರಭಾಚಂದ್ರರು. ಆ ಮನೆಯಲ್ಲಿ ಆಯ್ತು ಅಂದರೆ ಆಯ್ತು.

ಇಷ್ಟು ವರ್ಷ ಅರೆಬರೆ ಕೂತಿದ್ದ ಮುಚ್ಚಳ ತೆಗೆದು ಧೂಳು ಝಾಡಿಸಲು ಹೋದಾಗಲೇ ಪಟ್ಟಿ ಇಲ್ಲದ್ದು ಗೊತ್ತಾದದ್ದು. ಅವರು ಯಶೋಧರಾಗೆ ಫೋನ್ ಮಾಡಿದರು. ಯಶೋಧರಾ ಈಗ ಬೇಲೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಉಪನ್ಯಾಸಕಿ. ಇಪ್ಪತ್ತಾರು ವರ್ಷದ ಹಿಂದೆ ಇದೇ ಕಂಪ್ಯೂಟರಿನ ಮುಂದೆ ಕೂತು ಗೊಬ್ಬರದ ಚೀಲಗಳ ಸ್ಟಾಕು ಬರೆದವಳು. ಆಗ ಪ್ರಭಾಚಂದ್ರರು ಅವಳನ್ನು 'ಏನಮ್ಮಾ' ಎಂದು ಕರೆಯುತ್ತಿದ್ದರು. ಅವಳಿಗೆ ಸರ್ಕಾರಿ ಸಂಬಳ ಬಂದ ಮೇಲೆ 'ಮೇಡಂ' ಆಯಿತು. ಸಿಟ್ಟು ಬಂದರೆ ಮಾತ್ರ ಹಳೆಯದು ವಾಪಸು ಬರುತ್ತದೆ. ಅವಳು ಅಂದಿನಿಂದ ಇಂದಿನವರೆಗೂ 'ಸಾರ್' ಎನ್ನುತ್ತಾಳೆ, ಬೇಕಾದಾಗ ಅದರಲ್ಲೇ ಬೇರೆ ಬೇರೆ ಅರ್ಥ ಹೊರಡಿಸುತ್ತಾಳೆ.

"ಮೇಡಂ, ಎಡಗಡೇದು ಇಲ್ಲ."

"ನಂಗ್ ಗೊತ್ತಿತ್ತು ಸಾರ್. ಹಾಸನದಿಂದ ರಿಪೇರಿಗೆ ಬಂದಿದ್ನಲ್ಲ, ಅವತ್ತಿಂದ್ಲೂ ಇಲ್ಲ."

"ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಸಾರ್. ನೀವು, ಕೆಲಸ ನಡೀತಾ ಇದ್ಯಲ್ಲಮ್ಮ, ಅಂದ್ರಿ."

ಶುಕ್ರವಾರ ಅವಳು ರಜ ಹಾಕಿದಳು. ಇಬ್ಬರೂ ಬಾಣಾವರದ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋದರು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಪ್ರಭಾಚಂದ್ರರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನು ದೇವರೆಂದು ತಿಳಿದು ಸ್ವಲ್ಪ ಸರಿದು ಕೂತರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನುಷ್ಯ. ಮೂರು ಗಂಟೆಯ ಬಸ್ಸಿಗೆ ಹೊರಟುಬಿಡಬೇಕು ಎಂದು ದಾರಿಯಲ್ಲಿ ನಾಲ್ಕು ಸಲ ಹೇಳಿದರು.

ಕಂಪ್ಯೂಟರನ್ನು ಮಾರಿದ್ದ ಲಕ್ಷ್ಮೀಶ ಅರಸೀಕೆರೆಯಲ್ಲಿ ಇನ್ನೂ ಅದೇ ಅಂಗಡಿಯಲ್ಲಿದ್ದ. ಈಗ ಹೆಚ್ಚಾಗಿ ಸಿ.ಸಿ. ಕ್ಯಾಮೆರಾ ಮಾರುತ್ತಾನೆ, ಕೊಬ್ಬರಿ ಮಂಡಿಗಳಿಗೆ.

"ಏನ್ ಸಾರ್, ಇನ್ನೂ ಇಟ್ಕಂಡಿದೀರಾ ಅದನ್ನ?"

"ನೀನೇ ಅಲ್ವೇನಯ್ಯಾ ಕೊಟ್ಟಿದ್ದು?"

"ನಾನ್ ಕೊಟ್ಟಿದ್ದನ್ನೆಲ್ಲಾ ಜನ ಹಿಂಗೆ ಇಟ್ಕಂಡಿದ್ರೆ ನಾನ್ ಯಾವಾಗ್ಲೋ ಬಾಗ್ಲು ಹಾಕ್ಕೊಂಡ್ ಹೋಗಿರ್ತಿದ್ದೆ."

ಅವನು ಒಳಗಿನಿಂದ ಒಂದು ಎಣ್ಣೆ ಡಬ್ಬ ತಂದು ಪೇಪರಿನ ಮೇಲೆ ಸುರಿದ. ಮೂವತ್ತು ವರ್ಷದ ಸ್ಕ್ರೂಗಳು, ತಗಡಿನ ಕ್ಲಿಪ್ಪುಗಳು, ಪಟ್ಟಿಗಳು. ಕಪ್ಪು ಪಟ್ಟಿ, ನೀಲಿ ಪಟ್ಟಿ, ತಗಡಿನ ಪಟ್ಟಿ. ಯಶೋಧರಾ ಒಂದೊಂದನ್ನೇ ಡಿಸ್ಕಿನ ಪಕ್ಕೆಗೆ ಹಿಡಿದು ನೋಡಿದಳು. ಒಂದರ ತೂತು ಅರ್ಧ ಬೆರಳು ಮುಂದೆ, ಇನ್ನೊಂದರ ನಾಲಗೆ ಗಿಡ್ಡ. ಆ ಕಾಲದಲ್ಲಿ ಒಂದೊಂದು ಕಂಪನಿಗೂ ತನ್ನದೇ ಪಟ್ಟಿಯ ಹಟ, ಇಬ್ಬರ ಪಟ್ಟಿ ಎಂದೂ ಒಂದಾಗಕೂಡದು. ಕೊನೆಗೆ ಡಬ್ಬದ ತಳದಲ್ಲಿ ಒಂದು ಹಸಿರು ಪಟ್ಟಿ ಸಿಕ್ಕಿತು. ಅದೇ ಕಂಪನಿ, ಅದೇ ಅಳತೆ. ಬಲಗಡೆಯದು.

ಪ್ರಭಾಚಂದ್ರರು ಅದನ್ನು ತಿರುಗಿಸಿ ಹಿಡಿದರು, ಮಗುಚಿ ಹಿಡಿದರು, ಹಿಂದುಮುಂದು ಮಾಡಿ ಹಿಡಿದರು.

"ಎಷ್ಟು ತಿರುಗಿಸಿದ್ರೂ ಅಷ್ಟೇ ಸಾರ್," ಎಂದ ಲಕ್ಷ್ಮೀಶ. "ಬಲಗಾಲಿನ ಚಪ್ಲಿ ಎಡಗಾಲಿಗೆ ಬರುತ್ತಾ? ನಾಳೆ ಪೆಟ್ಟಿಗೇನೂ ತಂದ್ಬಿಡಿ. ಪೆಟ್ಟಿಗೆಗೆ ಎರಡು ತೂತು ಹೊಡೆದು ಡಿಸ್ಕನ್ನೇ ಬಿಗಿದುಬಿಡ್ತೀನಿ. ಎರಡು ನಿಮಿಷದ ಕೆಲಸ."

"ತೂತು ಹೊಡೀಬಾರ್ದು ಅಂತ ಬರೆದಿದಾರೆ," ಎಂದಳು ಯಶೋಧರಾ.

"ನೋಡೋರಿಗೆ ಗೊತ್ತಾಗಲ್ಲ ಮೇಡಂ."

"ಗೊತ್ತಾಗುತ್ತಾ ಇಲ್ವಾ ಅಂತ ನೋಡೋಕೇ ಅವರು ಬರ್ತಾ ಇರೋದು."

"ಸಹಿ ಬೇರೆ ಮಾಡ್ಬೇಕಪ್ಪ ನಾನು," ಎಂದರು ಪ್ರಭಾಚಂದ್ರರು.

ಲಕ್ಷ್ಮೀಶ ತೋರಿಸಲೆಂದು ಎತ್ತಿಕೊಂಡಿದ್ದ ಡ್ರಿಲ್ಲನ್ನು ಬೇಸರದಿಂದ ಕೆಳಗಿಟ್ಟ. ಆಮೇಲೆ ಮಂಡಿ ಸವರಿಕೊಳ್ಳುತ್ತ, ಆ ವರ್ಷ ಆ ಮಾದರಿಯವು ತನಗೆ ಎರಡು ಬಂದಿದ್ದವು ಎಂದ. ಒಂದು ಹಳೇಬೀಡಿಗೆ ಹೋಯಿತು. ಇನ್ನೊಂದು ಬೇಲೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ. "ಅವರ ಮೆಟ್ಟಿಲು ಇಳೀವಾಗ ಬಿದ್ದೆ ನೋಡಿ, ಅದಕ್ಕೇ ಮರೆತಿಲ್ಲ. ಆ ಮೇಷ್ಟ್ರು ಹೋಗಿಬಿಟ್ರು. ಅವರ ಮನೆಯವರು ಜಾನಕಮ್ಮ ಅಂತ, ಅಲ್ಲೇ ಇದಾರೆ."

ಮೂರು ಗಂಟೆಯ ಬಸ್ಸು ಸಿಕ್ಕಿತು.

ಶನಿವಾರ ಬೆಳಿಗ್ಗೆ ಪ್ರಭಾಚಂದ್ರರು ಬೇಲೂರಿಗೆ ಹೋದರು. ಯಶೋಧರಾ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಜಾನಕಮ್ಮನ ಮನೆಯ ಹಿಂದಿನ ಜಗಲಿಯಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಇತ್ತು, ಅಡ್ಡವಾಗಿ, ಅದರ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು.

"ಪಟ್ಟಿ ಬೇಕಾದ್ರೆ ತಗಳಿ," ಎಂದರು ಜಾನಕಮ್ಮ, "ಪೆಟ್ಟಿಗೆ ಮಾತ್ರ ಕೇಳ್ಬೇಡಿ. ನನ್ ಸೊಂಟಕ್ಕೆ ಸರಿಯಾದ ಎತ್ತರ ಇದೊಂದೇ ಐತೆ ಮನೇಲಿ. ಅವರು ಇದ್ದಾಗ ಇದನ್ನ ಯಾರೂ ಮುಟ್ಟಂಗಿರ್ಲಿಲ್ಲ. ಈಗ ನೋಡಿ, ಉಪಯೋಗಕ್ಕೆ ಬಂತು."

ಕ್ಯಾನ್ ಇಳಿಸಿದರು. ತುಕ್ಕು ಹಿಡಿದ ಸ್ಕ್ರೂಗಳನ್ನು ಯಶೋಧರಾ ಎಣ್ಣೆ ಬಿಟ್ಟು ತಿರುಗಿಸಿದಳು. ಮುಚ್ಚಳ ಬಂತು. ಒಳಗೆ ಡಿಸ್ಕು ಇತ್ತು. ಅದರ ಎಡ ಪಕ್ಕೆಯಲ್ಲಿ ಹಸಿರು ಪಟ್ಟಿ ಇತ್ತು. ನಾಲಗೆ ಮುರಿದಿರಲಿಲ್ಲ, ತೂತು ಸವೆದಿರಲಿಲ್ಲ. ಪಟ್ಟಿಗೂ ಪೆಟ್ಟಿಗೆಯ ತಗಡಿಗೂ ಸೇರಿಸಿ ಒಂದು ಕಡಜ ಮಣ್ಣಿನ ಗೂಡು ಕಟ್ಟಿತ್ತು. ಪೆಟ್ಟಿಗೆಯ ಹಿಂಭಾಗದ ಸಂದಿಯಿಂದ ಒಂದೊಂದೇ ಉಂಡೆ ಮಣ್ಣು ತಂದು ಕಟ್ಟಿದ್ದು. ಹೆಬ್ಬೆರಳ ಗಾತ್ರದ ನಾಲ್ಕು ಕೋಣೆ. ಒಂದರಲ್ಲಿ ತೂತಿತ್ತು. ಮೂರರ ಬಾಯಿ ಮುಚ್ಚಿತ್ತು.

"ಅಯ್ಯೋ, ಇಷ್ಟೇನಾ? ತಡೀರಿ, ದೋಸೆ ಮಗುಚೋ ಕೈ ತತ್ತೀನಿ," ಎಂದು ಜಾನಕಮ್ಮ ಎದ್ದರು.

"ಬೇಡಮ್ಮ," ಎಂದರು ಪ್ರಭಾಚಂದ್ರರು.

"ಯಾಕೆ?"

"ಒಳಗೆ ಮರಿ ಇದೆ."

"ಕಚ್ಚೋ ಹುಳ ಕಣ್ರೀ ಅದು! ನಿಮಗೇನು ನೆಂಟನಾ?"

"ನನಗಂತೂ ಇನ್ನೂ ಕಚ್ಚಿಲ್ಲ."

ಯಶೋಧರಾ ಬಗ್ಗಿ ನೋಡಿದಳು. ಗೂಡನ್ನು ಇಡಿಯಾಗಿ ಎಬ್ಬಿಸುವಂತಿರಲಿಲ್ಲ. ಒಣಗಿದ ಮಣ್ಣು, ಡಿಸ್ಕನ್ನು ಒಂದು ಕೂದಲೆಳೆ ಎಳೆದರೂ ಬಿರಿಯುತ್ತಿತ್ತು. "ಸಾರ್, ನಾಳೆ ಭಾನುವಾರ," ಎಂದಳು.

"ಗೊತ್ತು."

"ನಾಳಿದ್ದು ಸೋಮವಾರ."

"ಅದೂ ಗೊತ್ತು."

"ನೀವೊಂದೈದು ನಿಮಿಷ ಬೀದಿ ಕಡೆ ಹೋಗ್ಬನ್ನಿ. ಟೀ ಕುಡೀರಿ. ಬರೋದ್ರೊಳಗೆ ಪಟ್ಟಿ ನನ್ ಕೈಲಿರುತ್ತೆ. ಹೆಂಗೆ ಬಂತು ಅಂತ ನೀವು ಕೇಳ್ಬೇಡಿ, ನಾನು ಹೇಳಲ್ಲ."

"ನಿಮ್ಮನೇಲೂ ಬುದ್ಧನ ಫೋಟೋ ಇದೆಯಲ್ಲ ಮೇಡಂ?"

"ಇದೆ ಸಾರ್. ಆದ್ರೆ ಗಾಡಿ ಬರ್ತಾ ಇರೋದು ನಿಮ್ಮನೇಗೆ."

ಪ್ರಭಾಚಂದ್ರರು ಪಟ್ಟಿಯನ್ನೇ ನೋಡುತ್ತ ನಿಂತರು. ಕೈ ಒಂದು ಸಲ ಮುಂದೆ ಬಂದು ಗೂಡಿನ ಹತ್ತಿರದವರೆಗೂ ಹೋಯಿತು. ಬೆರಳು ಪಟ್ಟಿಯ ನಾಲಗೆಯನ್ನು ಮುಟ್ಟಿ ವಾಪಸು ಬಂತು.

"ಏನಮ್ಮಾ, ನಾನು ಬೀದೀಲಿ ನಿಂತ್ಕೊಂಡ್ರೆ ಅದು ನಾನು ಮಾಡಿಸಿದ್ದಲ್ಲ ಅಂತ ಆಗ್ಬಿಡುತ್ತಾ?"

'ಏನಮ್ಮಾ' ಬಂದ ಮೇಲೆ ಮಾತು ಮುಗಿಯಿತೆಂದು ಯಶೋಧರಾಗೆ ಅರ್ಥವಾಯಿತು. ಈ ಮನುಷ್ಯ ಮೂವತ್ತೆಂಟು ವರ್ಷ ಗೊಬ್ಬರದ ಅಂಗಡಿ ಇಟ್ಟು, ಹುಳ ಸಾಯಿಸುವ ಔಷಧಿಯನ್ನು ಒಂದು ಬಾಟಲಿಯೂ ಮಾರಲಿಲ್ಲ. ಮಾದಿಹಳ್ಳಿ ಕಡೆಯ ರೈತರು ಗೊಬ್ಬರ ಇಲ್ಲಿ, ಔಷಧಿ ಬೇಲೂರಿನಲ್ಲಿ ಎಂದು ಎರಡೆರಡು ಕಡೆ ಓಡಾಡಿ, ಕೊನೆಗೆ ಗೊಬ್ಬರವನ್ನೂ ಬೇಲೂರಿನಲ್ಲೇ ಕೊಳ್ಳತೊಡಗಿದರು. ಆ ಇಳಿಮುಖದ ಸ್ಟಾಕನ್ನು ಬರೆದವಳು ಅವಳೇ.

ಮುಚ್ಚಳವನ್ನು ಮತ್ತೆ ಇಟ್ಟಳು. ಸ್ಕ್ರೂಗಳನ್ನು ಸಡಿಲವಾಗಿ ಹಾಕಿದಳು. ಫೋನಿನಲ್ಲಿ ಹುಡುಕಿ, ಮೂರು ವಾರ ಆಗಬಹುದು ಎಂದಳು.

"ಮೂರ್ ವಾರ ನನ್ ಕ್ಯಾನ್ ಎಲ್ಲಿಡ್ಲಿ?" ಎಂದರು ಜಾನಕಮ್ಮ.

"ಅಲ್ಲೇ ಇಡಿ," ಎಂದರು ಪ್ರಭಾಚಂದ್ರರು. "ನಿಧಾನಕ್ಕೆ ಇಡಿ."

ಭಾನುವಾರ ಹನ್ನೊಂದು ಗಂಟೆಗೆ ವ್ಯಾನ್ ಬಂತು. ನಟರಾಜ್ ಮೂವತ್ತು ದಾಟದ, ತುಂಬ ಸೌಜನ್ಯದ ಮನುಷ್ಯ. ಪೆಟ್ಟಿಗೆಯನ್ನು ಬಿಳಿ ಕೈಗವಸು ಹಾಕಿಕೊಂಡು ಮುಟ್ಟಿದ. ಹಾಳೆಯಲ್ಲಿ ಒಂದೊಂದೇ ಗುರುತು ಹಾಕುತ್ತ ಬಂದು ಎಡ ಪಕ್ಕೆಯ ಹತ್ತಿರ ನಿಂತ. ಪ್ರಭಾಚಂದ್ರರು ನಡೆದದ್ದನ್ನು ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡ.

"ಸರ್, ನಿಜವಾಗ್ಲೂ ಇಂಥ ಕಾರಣ ನಾವು ಎಲ್ಲೂ ಕೇಳಿಲ್ಲ. ಆದ್ರೆ ಫಾರ್ಮಲ್ಲಿ ಇದಕ್ಕೆ ಕಾಲಂ ಇಲ್ಲ. ಇನ್ನು ಹತ್ತು ದಿನಕ್ಕೆ ಉದ್ಘಾಟನೆ. ಮತ್ತೆ ಗಾಡಿ ಕಳಿಸೋಕಾಗಲ್ಲ. ಪಟ್ಟಿ ಸಿಕ್ಕಿದ್ಮೇಲೆ ನೀವೇ ತಂದ್ರೆ ಖಂಡಿತಾ ತಗೊತೀವಿ, ಆದ್ರೆ ಪ್ರದರ್ಶನದ ಹಾಲಲ್ಲಿ ಜಾಗ ಇರುತ್ತೆ ಅಂತ ಪ್ರಾಮಿಸ್ ಮಾಡೋಕಾಗಲ್ಲ. ಇದೇ ಮಾಡೆಲ್ಲು ತುಮಕೂರಲ್ಲಿ ಒಬ್ಬರ ಹತ್ರ ಇದೆ."

ವ್ಯಾನ್ ಖಾಲಿ ಹೋಯಿತು. ಪ್ರಭಾಚಂದ್ರರು ಒಳಗೆ ಬಂದು ಫೋನ್ ಎತ್ತಿಕೊಂಡರು.

"ಯಾರಿಗೆ?" ಎಂದು ಜಿನಮತಿಯವರು ಅಡುಗೆಮನೆಯ ಬಾಗಿಲಿಂದ ಕೇಳಿದರು.

"ಗುಜರಿಯವನಿಗೆ. ನಾಳೆ ಬಾ ಅಂತ."

"ಎಷ್ಟು ಕೋಣೆ ಮುಚ್ಚಿತ್ತು ಅಂದ್ರಿ?"

"ಮೂರು."

"ಕೆರೆದು ಹಾಕಿ ತಂದಿದ್ರೆ ಇವತ್ತು ಅದು ಗಾಡಿ ಹತ್ತಿರೋದು."

"ಹ್ಞೂ."

"ಕೆರೆದು ಹಾಕಿ ತಂದಿದ್ರೆ ನಿಮ್ಮನ್ನೂ ಅದರ ಜೊತೆಗೇ ಹತ್ತಿಸಿ ಕಳಿಸಿರ್ತಿದ್ದೆ." ಅವರು ಕೈ ಒರೆಸಿಕೊಂಡರು. "ಫೋನ್ ಇಡಿ. ಹುಳ ಹೋಗೋವರ್ಗೂ ಇರ್ಲಿ. ಅಲ್ಲೀವರ್ಗೂ ಒರೆಸೋದು ನೀವು."

ಮುಂದಿನ ದಿನಗಳಲ್ಲಿ ಪ್ರಭಾಚಂದ್ರರು ದಿನಾ ಬೆಳಿಗ್ಗೆ ಒರೆಸಿದರು. ಸರಿಯಾಗಿ ಒರೆಸಿಲ್ಲವೆಂದು ಜಿನಮತಿಯವರು ದಿನಾ ಹೇಳಿದರು. ಬೇಲೂರಿನಲ್ಲಿ ಜಾನಕಮ್ಮ ಮೊದಲ ವಾರ ಗೂಡನ್ನು ಬೈದರು. ಎರಡನೇ ವಾರ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡತೊಡಗಿದರು. ಮೂರನೇ ವಾರ ಅವರೇ ಫೋನ್ ಮಾಡಿದರು: "ಸಾವ್ಕಾರ್ರೇ, ಒಂದು ಹೋಯ್ತು. ಚೆನ್ನಾಗೇ ಐತೆ, ಉದ್ದ ಸೊಂಟ." ಮರುದಿನ ಎರಡನೆಯದು. ಮೂರನೆಯದು ನಾಲ್ಕು ದಿನ ಸತಾಯಿಸಿತು. ಅಷ್ಟರಲ್ಲಿ ಯಶೋಧರಾ, ಅದು ಒಳಗೇ ಸತ್ತಿರಬಹುದು ಸಾರ್, ಎಂದು ಒಂದು ಸಲ ಹೇಳಿ ನೋಡಿದಳು. ಇರಬಹುದು, ಕಾಯೋಣ, ಎಂದರು ಅವರು. ಇಪ್ಪತ್ತಾರನೆಯ ದಿನ ಅದೂ ಹೋಯಿತು.

ಯಶೋಧರಾ ಗೂಡನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆದಳು. ಪಟ್ಟಿಯನ್ನು ತೊಳೆದು, ಒರೆಸಿ, ಹಳೇಬೀಡಿಗೆ ತಂದು ಡಿಸ್ಕಿನ ಎಡ ಪಕ್ಕೆಗೆ ಎರಡು ಸ್ಕ್ರೂ ಹಾಕಿ ಬಿಗಿದಳು. ಒಳಗೆ ತಳ್ಳಿದಳು. ಟಕ್ಕೆಂದಿತು. ಮುಚ್ಚಳ ಕೂತಿತು.

ಪ್ರಭಾಚಂದ್ರರು ಅದನ್ನು ಜಮಖಾನದಲ್ಲಿ ಸುತ್ತಿ ಅರಸೀಕೆರೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಒಯ್ದರು. ಸಂಗ್ರಹಾಲಯದ ಉದ್ಘಾಟನೆ ಮುಗಿದಿತ್ತು. ಪ್ರದರ್ಶನದ ಹಾಲಿನಲ್ಲಿ ತುಮಕೂರಿನ ಕಂಪ್ಯೂಟರು ಇತ್ತು. ನಟರಾಜ್ ಇವರದ್ದನ್ನು ಪರೀಕ್ಷಿಸಿ ರಸೀದಿ ಬರೆದುಕೊಟ್ಟ; ಸ್ಥಿತಿ ಎಂಬಲ್ಲಿ 'ಪೂರ್ಣ' ಎಂದು ಹಾಕಿದ. ಕಂಪ್ಯೂಟರನ್ನು ನೆಲಮಾಳಿಗೆಯ ಉಗ್ರಾಣದಲ್ಲಿ ಎರಡನೇ ಸಾಲಿನ ಕಪಾಟಿನಲ್ಲಿ ಇಟ್ಟಿದ್ದಾರೆ.