ಎಡಗಡೆಯ ಗುಂಡಿ

ಛಾಪಾಖಾನೆಯಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕಾಗದ ಕತ್ತರಿಸುವ ದೊಡ್ಡ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಮಾತೂ ಹಾಗೆಯೇ, ಒಂದು ಏಟು, ಎರಡು ತುಂಡು.

ಆ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ನಡೆಸುವವನ ಕೈಗಳು ಗುಂಡಿಯ ಮೇಲಿರಲಿ, ಕಣ್ಣು ಅಲಗಿನ ಮೇಲಿರಲಿ ಎಂದು ಹಾಗೆ ಮಾಡಿದ್ದು. ಪರೀಕ್ಷೆಯ ಉತ್ತರಪತ್ರಿಕೆಗಳ ಕೆಲಸ ಮೈಮೇಲೆ ಬಿದ್ದಿದ್ದ ವಾರ, ಬೇಗ ಆಗಲೆಂದು ಕತ್ತರಿ ಎಡಗಡೆಯ ಗುಂಡಿಯನ್ನು ಅದುಮಿ ಟೇಪು ಬಿಗಿದುಬಿಟ್ಟ. ಆಮೇಲೆ ಒಂದೇ ಕೈ ಸಾಕಾಯಿತು.

ಅದನ್ನು ಮೊದಲು ನೋಡಿದವನು ಅವನ ಭಾಮೈದ. ಹೆಂಡತಿಯ ಒಬ್ಬನೇ ತಮ್ಮ. ಅವನನ್ನು ಅಲ್ಲಿ ಪುಸ್ತಕ ಹೊಲಿಯುವ ವಿಭಾಗಕ್ಕೆ ಸೇರಿಸಿದವನೂ ಕತ್ತರಿಯೇ. "ಭಾವ, ಅದನ್ನ ತೆಗೀರಿ, ಒಂದಿನ ಕಚ್ಚುತ್ತೆ" ಎಂದು ಅವನು ಬೆಳಿಗ್ಗೆ ನಾಲ್ಕು ಜನರ ಮುಂದೆ ಹೇಳಿದ. ಅಜ್ಜಿಗೇ ಕೆಮ್ಮು ಕಲಿಸ್ತೀಯಾ ಎಂದು ಕತ್ತರಿ ಗದರಿ ಕಳಿಸಿದ. ಒಬ್ಬನೇ ಇದ್ದಾಗ ಹೇಳಿದ್ದರೆ ತೆಗೆಯುತ್ತಿದ್ದನೋ ಏನೋ. ನಾಲ್ಕು ಜನ ನಕ್ಕಿದ್ದರು, ತೆಗೆಯಲಿಲ್ಲ.

ಮಧ್ಯಾಹ್ನ ಕಾಗದದ ಅಟ್ಟಿ ಒಂದು ಬದಿಗೆ ವಾಲಿತು. ಭಾಮೈದ ಪಕ್ಕದಿಂದ ಕೈ ಹಾಕಿ ಸರಿ ಮಾಡಲು ಬಗ್ಗಿದ. ಅದೇ ಹೊತ್ತಿಗೆ ಗಾಡಿ ತಳ್ಳುವವನನ್ನು ಬೈಯಲು ಹಿಂದಕ್ಕೆ ತಿರುಗಿದ್ದ ಕತ್ತರಿಯ ಬಲಗೈ, ಅಭ್ಯಾಸಬಲದಿಂದ, ಗುಂಡಿ ಒತ್ತಿತು.

ಭಾಮೈದನ ಬಲಗೈಯ ನಾಲ್ಕು ಬೆರಳು ಹೋದವು.

ಎಲ್ಲರೂ ಅವನನ್ನು ಎತ್ತಿಕೊಂಡು ಬಾಗಿಲಿಗೆ ಓಡಿದರು. ಯಂತ್ರದ ಹತ್ತಿರ ಉಳಿದವನು ಕತ್ತರಿ ಒಬ್ಬನೇ. ಅಷ್ಟರಲ್ಲಿ ಅವನು ಟೇಪು ಕಿತ್ತು ಜೇಬಿಗೆ ಹಾಕಿಕೊಂಡ. ವಿಚಾರಣೆಯಲ್ಲಿ ಮ್ಯಾನೇಜರು ಗುಂಡಿಗಳು ಸರಿಯಾಗಿವೆ, ಕೆಲಸಗಾರ ಎಚ್ಚರ ತಪ್ಪಿ ಕೈ ಹಾಕಿದ ಎಂದು ಬರೆದರು. ಕತ್ತರಿ ಕೆಳಗೆ ಸಹಿ ಹಾಕಿದ.

ಆಮೇಲೆ ಯಂತ್ರದ ಮುಂದೆ ನಿಂತರೆ ಅವನು ಗುಂಡಿ ಮುಟ್ಟದೆ ಹಿಂದೆ ಸರಿಯತೊಡಗಿದ. ಕಂಪನಿಯವರು ಅವನನ್ನು ಮನಶ್ಶಾಸ್ತ್ರಜ್ಞೆಯೊಬ್ಬಳ ಬಳಿಗೆ ಕಳಿಸಿದರು. ಔಷಧಿ ಅಂಗಡಿಯ ಮೇಲಿನ ಕೋಣೆ, ಎರಡು ಮೆತ್ತನೆಯ ಕುರ್ಚಿ, ಕಣ್ಣೊರೆಸುವ ಕಾಗದದ ಡಬ್ಬಿ. ಮೂರನೇ ವಾರ ಅವನು ಟೇಪಿನ ವಿಷಯ ಬಾಯಿಬಿಟ್ಟ. ಅವಳು ಉರಿದುಬೀಳುತ್ತಾಳೆ ಎಂದುಕೊಂಡಿದ್ದ. ಆದರೆ ಅವಳು, ಚಿಕ್ಕಂದಿನಲ್ಲಿ ನಿಮಗೆ ಯಾರು ಹೊಡೆಯುತ್ತಿದ್ದರು ಎಂದು ಕೇಳಿದಳು. ಬಡಗಿಯಾಗಿದ್ದ ಅಪ್ಪ, ಕೆಲಸ ತಡವಾದರೆ ಅಳತೆಪಟ್ಟಿಯಲ್ಲಿ ಬೆರಳ ಗಂಟಿಗೆ ಹೊಡೆಯುತ್ತಿದ್ದ ಎಂದ ಅವನು. ಹಾಗಾದರೆ ಟೇಪು ಸುತ್ತಿದ್ದು ಆ ಹೊಡೆತದ ಭಯ ಎಂದಳು ಅವಳು, ಮೃದುವಾಗಿ. ಅವನು ನಾಲ್ಕು ದಿನ ಹೆಣದಂತೆ ನಿದ್ದೆ ಮಾಡಿದ.

ಐದನೇ ದಿನ ಗಡ್ಡ ಹೆರೆಯುವಾಗ ಸಿಟ್ಟು ನೆತ್ತಿಗೇರಿತು. ಸತ್ತು ಹನ್ನೆರಡು ವರ್ಷವಾದ ಅಪ್ಪ ಗೋರಿಯಿಂದ ಎದ್ದು ಬಂದು ಟೇಪು ಸುತ್ತಿದನೇ? ಜೇಬಿಗೆ ಹಾಕಿಕೊಂಡವನೂ ಅವನೇನೇ?

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವನು ಪಾದ್ರಿಯ ಕೋಣೆಗೆ ಹೋಗಿ ಟೇಪಿನ ವಿಷಯ ಹೇಳಿದ. ಪಾದ್ರಿ ಒಳ್ಳೆಯ ಮುದುಕ. ಆದಿ ಮನುಷ್ಯ ಪಾಪಕ್ಕೆ ಬಿದ್ದ ದಿನದಿಂದ ಮನುಷ್ಯನ ಎದೆಯೇ ಡೊಂಕು, ನೀನೂ ನಾನೂ ಒಂದೇ ಮಣ್ಣು, ಕರ್ತನು ನಿನ್ನ ಪಾಪವನ್ನು ಆಗಲೇ ಹೊತ್ತಿದ್ದಾನೆ ಎಂದು ತಲೆಯ ಮೇಲೆ ಕೈಯಿಟ್ಟ. ಕತ್ತರಿ ಹಗುರವಾಗಿ ಹೊರಟ. ಗೇಟಿನವರೆಗೂ ಆ ಹಗುರ ಉಳಿಯಲಿಲ್ಲ. ತಪ್ಪನ್ನು ಒಬ್ಬಳು ಅಪ್ಪನ ತಲೆಗೆ ಕಟ್ಟಿದಳು, ಇನ್ನೊಬ್ಬ ಆದಿ ಮನುಷ್ಯನ ತಲೆಗೆ. ಆ ಆದಿ ಮನುಷ್ಯನೂ ಕಡಿಮೆಯವನಲ್ಲ. ತಿನ್ನಬಾರದ ಹಣ್ಣು ತಿಂದೆಯಾ ಎಂದು ದೇವರು ಕೇಳಿದಾಗ ಹೆಂಡತಿಯ ಕಡೆ ಬೆರಳು ತೋರಿಸಿದ, ಅವಳು ಹಾವಿನ ಕಡೆ. ತಪ್ಪು ಕೈಯಿಂದ ಕೈಗೆ ದಾಟುತ್ತಾ ಹೋಯಿತೇ ಹೊರತು ನಿಲ್ಲಲು ಒಂದು ಜಾಗ ಸಿಗಲಿಲ್ಲ. ಇನ್ನು ಕರ್ತ ಕ್ಷಮಿಸುವುದು. ಹೋದದ್ದು ಕರ್ತನ ಬೆರಳೇ?

ಆ ಸಂಜೆ ಹೆಂಡತಿ ತವರಿನಿಂದ ಬಂದಳು. ತಮ್ಮ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ ಎಂದಳು. ಭಾವ ಪಾಪ, ನಾನು ಹೇಳಿದ ಮೇಲೆ ಟೇಪು ತೆಗೆದುಬಿಟ್ಟಿದ್ದರು, ವಿಚಾರಣೆಯಲ್ಲೂ ಗುಂಡಿ ಸರಿ ಇತ್ತು ಅಂತ ಬಂತಲ್ಲ, ಎರಡೂ ಕೈಯಿಂದ ಸರಿಯಾಗಿಯೇ ನಡೆಸುತ್ತಿದ್ದರು, ಹೊತ್ತು ಗೊತ್ತಿಲ್ಲದೆ ಕೈ ಹಾಕಿದ ದಡ್ಡ ನಾನು, ಎನ್ನುತ್ತಾನಂತೆ. ಅವಳು ಹೇಳುತ್ತಲೇ ಸೊಪ್ಪು ಬಿಡಿಸುತ್ತಿದ್ದಳು. ಕತ್ತರಿಗೆ ಅಲ್ಲಿ ಕೂರಲಾಗಲಿಲ್ಲ.

ಮರುದಿನ ಅವನು ಔಷಧಿ ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ನಿಮ್ಮ ಓದು ನನ್ನ ಅಪ್ಪನನ್ನು ತಪ್ಪಿತಸ್ಥನನ್ನಾಗಿ ಮಾಡಿತು, ನನ್ನನ್ನು ಮಗುವನ್ನಾಗಿ ಮಾಡಿ ನಾಲ್ಕು ದಿನ ಮಲಗಿಸಿತು, ಮಗುವಿಗೆ ಶಿಕ್ಷೆ ಕೊಡುವವರು ಯಾರು ಎಂದು ನಿಂತೇ ಕೂಗಾಡಿದ. ಅವಳು ಪೆನ್ನು ಕೆಳಗಿಟ್ಟಳು. ಅವಳ ಮುಖವೂ ಕೆಂಪಾಗಿತ್ತು.

"ಕಾರಣ ಬೇರೆ, ನೆಪ ಬೇರೆ. ಕಾರಣ ಹುಡುಕಿದ್ದು ನಾನು. ಅದನ್ನ ನೆಪ ಮಾಡ್ಕೊಂಡು ನಾಲ್ಕು ದಿನ ಮಲಗಿದ್ದು ನೀವು."

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಾತು ನಿಜವಾದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು. ಅದೇ ಸಿಟ್ಟಿನಲ್ಲಿ ಮೂರು ಬೀದಿ ನಡೆದು ಅತ್ತೆಯ ಮನೆ ಸೇರಿದ.

ಭಾಮೈದ ಕಿಟಕಿಯ ಬಳಿ ಕೂತಿದ್ದ, ಕೈಗೆ ಬಿಳಿ ಪಟ್ಟಿ. ಬನ್ನಿ ಭಾವ ಎಂದು ಕುರ್ಚಿ ಸರಿಸಲು ಎದ್ದ. ಕತ್ತರಿ ಕೂರಲಿಲ್ಲ. ಟೇಪು ಇತ್ತು ಎಂದ. ನೀನು ಹೇಳಿದ ಮೇಲೂ ಇತ್ತು, ನಾನು ಹಿಂದೆ ತಿರುಗಿ ಒಂದೇ ಕೈಯಲ್ಲಿ ಒತ್ತಿದೆ, ನಿನ್ನದು ಏನೂ ತಪ್ಪಿಲ್ಲ ಎಂದ.

ಭಾಮೈದ ಹಿಡಿದಿದ್ದ ಕುರ್ಚಿಯನ್ನು ಬಿಟ್ಟ.

"ಯಾವಾಗ ತೆಗೆದ್ರಿ?"

"ನಿನ್ನನ್ನ ಎತ್ಕೊಂಡು ಹೋಗ್ವಾಗ."

"ನಾನು ಕೂಗ್ತಾ ಇದ್ನಾ?"

"ಹೂಂ."

ಭಾಮೈದ ಎಡಗೈಯಿಂದ ಹೊಡೆದ. ಹೊಡೆದು ಅಭ್ಯಾಸವಿಲ್ಲದ ಕೈ. ಮೊದಲನೆಯದು ಭುಜಕ್ಕೆ ಬಿತ್ತು, ಎರಡನೆಯದು ಬಾಯಿಗೆ. ಕತ್ತರಿ ಕದಲಲಿಲ್ಲ. ತುಟಿ ಒಡೆದು ರಕ್ತ ಬಂತು. ಏನಾದರೂ ಹೇಳಬೇಕೆನಿಸಿ "ನಮ್ಮಪ್ಪ..." ಎಂದು ಶುರುಮಾಡಿದವನು ನಾಲಿಗೆ ಕಚ್ಚಿಕೊಂಡ. ಕ್ಷಮಿಸು ಎಂದ.

"ಕ್ಷಮಿಸೋದು ನನ್ನ ಕೆಲಸ. ಬಂದಾಗ ಬರುತ್ತೆ, ಬರದೇ ಹೋದ್ರೆ ಇಲ್ಲ. ಆಫೀಸಿಗೆ ಹೋಗಿ ಬರ್ದು ಕೊಡೋದು ನಿಮ್ಮ ಕೆಲಸ. ಅದನ್ನ ಮಾಡಿ ಮೊದಲು."

ಆಫೀಸಿನಲ್ಲಿ ಅವನ ಮಾತು ಕೇಳಿದ ಮ್ಯಾನೇಜರು ಬಾಗಿಲು ಮುಚ್ಚಿ ಬಂದು ಕೂತರು. ಕಡತ ಮುಚ್ಚಿದೆ, ಆ ಹೆಂಗಸು ನಿನಗೆ ಮಾನಸಿಕ ಒತ್ತಡ ಎಂದು ಬರೆದಿದ್ದಾಳೆ, ಬೇಕಾದರೆ ಎರಡು ತಿಂಗಳು ರಜೆ ತೆಗೆದುಕೋ, ಸತ್ತ ಹಾವನ್ನು ಮತ್ತೆ ಬಡಿಯಬೇಡ ಎಂದರು. ಟೇಪು ಅವರ ಕಣ್ಣಿಗೂ ಬಿದ್ದಿತ್ತು. ಎರಡು ಸಲ ಪಕ್ಕದಲ್ಲೇ ಹಾದುಹೋಗಿದ್ದರು. ಕತ್ತರಿ ಅದನ್ನೂ ಬರೆದ. ಬರೆಯುವಾಗ ಅಕ್ಷರ ಕಾಗದವನ್ನು ಹರಿಯುವಷ್ಟು ಒತ್ತಿ ಬಂತು. ತನ್ನ ಹೆಸರಿನ ಮುಂದೆ ಒತ್ತಡ ಎಂಬ ಪದವನ್ನು ಬರೆಯಲಿಲ್ಲ, ಮನುಷ್ಯ ಸಹಜ ಎಂದೂ ಬರೆಯಲಿಲ್ಲ. ನಾನು ಕಟ್ಟಿದೆ, ನಾನು ಒತ್ತಿದೆ, ನಾನು ಬಚ್ಚಿಟ್ಟೆ, ಎಂದು ಬರೆದ.

ಅವನ ಕೆಲಸ ಹೋಯಿತು. ಮ್ಯಾನೇಜರೂ ಉಳಿಯಲಿಲ್ಲ. ಹೆಂಡತಿ ಮೂರು ತಿಂಗಳು ಅವನ ಜೊತೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ; ಅನ್ನ ಬಡಿಸಿ ಬೇರೆ ಕೋಣೆಗೆ ಹೋಗುತ್ತಿದ್ದಳು. ಅವನು ಮರದ ಗೋದಾಮಿನಲ್ಲಿ ಹಲಗೆ ಹೊರುವ ಕೆಲಸಕ್ಕೆ ಸೇರಿದ. ಒಂದು ದಿನ ಪಾದ್ರಿ ಅಲ್ಲಿಗೇ ಹುಡುಕಿಕೊಂಡು ಬಂದ. ಅವತ್ತು ನಿನ್ನ ಮುಖ ನೋಡಿ ಹೆದರಿ ಕ್ಷಮೆಯನ್ನು ಅವಸರದಲ್ಲಿ ಕೊಟ್ಟುಬಿಟ್ಟೆ, ನಿನ್ನ ಭಾಮೈದನ ಹತ್ತಿರ ಹೋಗು ಎಂದು ಮೊದಲು ಹೇಳಬೇಕಿತ್ತು ಎಂದ. ಕತ್ತರಿ ಹಲಗೆ ಇಳಿಸದೆಯೇ ಕೇಳಿಸಿಕೊಂಡ. ಮುದುಕನ ಮೇಲಿನ ಕೋಪ ಅರ್ಧ ಇಳಿಯಿತು. ತನ್ನ ಮೇಲಿನದು ಎಳ್ಳಷ್ಟೂ ಇಳಿಯಲಿಲ್ಲ.

ಹೊಸ ವಿಚಾರಣೆಗೆ ಇಬ್ಬರನ್ನೂ ಕರೆದಿದ್ದರು. ಮುಗಿದ ಮೇಲೆ ಬಸ್ಸಿಗೆ ಕಾಯುತ್ತಾ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಭಾಮೈದನೇ ಮಾತು ತೆಗೆದ, ರಸ್ತೆಯ ಕಡೆ ನೋಡುತ್ತ.

"ನಿಮ್ಮನ್ನ ನೋಡಿದ್ರೆ ಇನ್ನೂ ಮೈ ಉರಿಯುತ್ತೆ."

"ಉರೀಲಿ."

"ಸಿಟ್ಟು ಹೋಗಿಲ್ಲ ಅಂತ ಹೇಳ್ದೆ, ಅಷ್ಟೆ."

ಕತ್ತರಿ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಭಾಮೈದ ನಿಮ್ಮ ಬಸ್ಸು ಬಂತು ನೋಡಿ ಎಂದ. ಅವನು ಎದ್ದು ಹತ್ತಿದ.