ಎರಡು ಊರು, ಒಂದು ಪಟ್ಟಿ

ಆ ಹಾಳೆಯನ್ನು ಊಟದ ಮೇಜಿನ ಮೇಲೆ ಹರವಿಟ್ಟುಕೊಂಡು ನನ್ನ ಗಂಡ ನಾನು ಬರುವುದನ್ನೇ ಕಾಯುತ್ತಿದ್ದರು. ಮಗಳು ಕಳಿಸಿದ್ದ ಪಟ್ಟಿ. ಎಡಗಡೆ ನಮ್ಮ ಊರು, ಬಲಗಡೆ ಅವಳ ಊರು. ಮನೆ ಬಾಡಿಗೆ, ತರಕಾರಿ, ಕರೆಂಟು, ಡಾಕ್ಟರ ಫೀಸು, ಕೊನೆಗೆ ಕ್ಷೌರದ ದರ ಕೂಡ ಬಿಟ್ಟಿರಲಿಲ್ಲ. ತಲೆಯ ಮೇಲೆ ಎಣಿಸಿ ನಲವತ್ತು ಕೂದಲಿರುವ ಮನುಷ್ಯ ಕ್ಷೌರ ಅಗ್ಗವೆಂದು ಊರು ಬಿಡಬೇಕೆ?

"ಎಲ್ಲಾ ಅರ್ಧಕ್ಕರ್ಧ ಕಣೇ," ಅಂದರು. "ಬಾಡಿಗೆಯಂತೂ ಅರ್ಧಕ್ಕಿಂತ ಕಡಿಮೆ. ಬಾಲ್ಕನಿ ಬೇರೆ ಇದೆ."

ನಮ್ಮದು ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಓನರಮ್ಮ ಬಾಡಿಗೆ ಏರಿಸಿದ್ದರು. ಶನಿವಾರದೊಳಗೆ ಹೊಸ ಕರಾರಿಗೆ ಸಹಿ ಹಾಕಬೇಕು, ಇಲ್ಲದಿದ್ದರೆ ತಿಂಗಳೊಳಗೆ ಖಾಲಿ ಮಾಡಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ನಮ್ಮ ಮಟ್ಟಿಗೆ ಸುಳ್ಳಲ್ಲ. ಆದರೆ ಈ ಊರು ಬಿಟ್ಟರೆ ನನ್ನ ಅಂಗಡಿಯೂ ಹೋಗುತ್ತದೆ. ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ, ಮಲಗಿದರೆ ಕಾಲು ಹೊರಗೆ ಬರುವಷ್ಟೇ ಜಾಗ. ಅಲ್ಲಿ ಇಪ್ಪತ್ತಾರು ವರ್ಷದಿಂದ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ನನ್ನ ಅಪ್ಪ ಅದೇ ಮಣೆಯ ಮೇಲೆ ಕೂರುತ್ತಿದ್ದ.

"ನೋಡದೆ ಬೇಡ ಅನ್ನಬೇಡ," ಅಂದರು ಗಂಡ. ಸರಿ, ನೋಡೋಣ ಎಂದು ಬುಧವಾರ ಅಂಗಡಿಗೆ ಬೀಗ ಹಾಕಿ ಅವರ ಜೊತೆ ರೈಲು ಹತ್ತಿದೆ.

ಮಗಳ ಮನೆಯಿಂದ ಎರಡು ಕಟ್ಟಡದಾಚೆ ನಮಗಾಗಿ ನೋಡಿಟ್ಟಿದ್ದ ಮನೆ. ಹೊಟ್ಟೆಯಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ, ಅಡುಗೆಮನೆಗೆ ಕಾಲಿಟ್ಟ ಕೂಡಲೇ ನನ್ನ ಮನಸ್ಸು ಜಾರಿತು. ಇಬ್ಬರು ಮೊಣಕೈ ತಾಗಿಸದೆ ನಿಲ್ಲಬಹುದಿತ್ತು. ಕಿಟಕಿಯಿಂದ ಬಿಸಿಲು ಒಲೆಯ ತನಕ ಬರುತ್ತಿತ್ತು. ನನ್ನವರು ಬಾಲ್ಕನಿಯ ಕಟ್ಟೆಯ ಮೇಲೆ ಕೈಯಿಟ್ಟು, ಮನೆ ಕೊಂಡೇಬಿಟ್ಟವರ ಹಾಗೆ ನಿಂತಿದ್ದರು. ನನಗೂ ಕಾಲು ನೋಯುತ್ತದೆ, ನನಗೂ ಬಿಸಿಲು ಬೇಕು. ಇರಲಿ ಬಿಡು, ಬಂದುಬಿಡೋಣ ಅನ್ನಿಸಿತು.

ಮರುದಿನ ಬೆಳಿಗ್ಗೆ, ಅಂಗಡಿಗೆ ಒಂದು ಜಾಗ ಸಿಗುತ್ತದೇನೋ ನೋಡಿ ಬರುತ್ತೇನೆಂದು ಹೊರಟೆ.

"ನಡ್ಕೊಂಡಾ? ಇಲ್ಲಿ ಯಾರೂ ನಡೆಯಲ್ಲ ಅತ್ತೆ," ಅಂದರು ಅಳಿಯಂದಿರು. "ಸಂಜೆ ನಾನೇ ಕರ್ಕೊಂಡು ಹೋಗ್ತೀನಿ."

ನಾನು ಕೇಳಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು. ಒಂದು ಕಡೆ ಉದ್ದದ ಗೋಡೆ, ಇನ್ನೊಂದು ಕಡೆ ವಾಹನಗಳು, ನಡುವೆ ನಾನೊಬ್ಬಳು. ಒಬ್ಬಾತ ಕಾರು ನಿಲ್ಲಿಸಿ, "ಗಾಡಿ ಕೆಟ್ಟು ಹೋಯ್ತಾ ಅಮ್ಮ?" ಎಂದು ಕೇಳಿದ. ಗಾಡಿ ಇಲ್ಲ, ಕಾಲಿದೆ ಅಂದೆ. ಪಾಪ, ಒಳ್ಳೆಯವನೇ, ಆದರೆ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನಲವತ್ತು ನಿಮಿಷದ ಮೇಲೆ ಅಂಗಡಿಗಳ ಸಾಲು ಸಿಕ್ಕಿತು. ದೊಡ್ಡ ಬೂಟಿನ ಅಂಗಡಿಯವಳನ್ನು, ಇಲ್ಲಿ ರಿಪೇರಿಯವರು ಯಾರಿದ್ದಾರೆ ಎಂದು ವಿಚಾರಿಸಿದೆ.

"ಒಬ್ಬರಿದ್ರು, ಬಿಟ್ಟು ಹೋದ್ರು," ಅಂದಳು. "ಇಲ್ಲಿ ಅಟ್ಟೆ ಸವೆಯೋದೇ ಇಲ್ವಲ್ಲಮ್ಮ. ಬಣ್ಣ ಬೇಜಾರಾದ್ರೆ ಹೊಸದು ತಗೋತಾರೆ."

ವಾಪಸು ಬಂದವಳು ಮಗಳ ಮನೆಯ ಬಾಗಿಲ ಬಳಿಯ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದೊಂದೇ ಬೂಟನ್ನು ಮಗುಚಿ ನೋಡಿದೆ. ಬಾಯಿ ಸುಳ್ಳು ಹೇಳಬಹುದು, ಅಟ್ಟೆ ಹೇಳುವುದಿಲ್ಲ. ಎಲ್ಲವೂ ನಿನ್ನೆ ತಂದ ಹಾಗಿದ್ದವು, ಒಂದು ಕಡೆ ಬಿಟ್ಟು. ಬಲಗಾಲಿನ ಹಿಮ್ಮಡಿಯ ಹಿಂಭಾಗದ ಅಂಚು. ಮಗಳದ್ದೂ ಅಷ್ಟೇ, ಅಳಿಯನದ್ದೂ ಅಷ್ಟೇ. ಅದು ನಡೆದು ಸವೆದದ್ದಲ್ಲ. ಕಾರಿನೊಳಗೆ ಹಿಮ್ಮಡಿ ಊರಿಕೊಂಡು ಗಂಟೆಗಟ್ಟಲೆ ಆಕ್ಸಿಲರೇಟರ್ ಒತ್ತುವವರ ಸವೆತ.

ಸಂಜೆ ಮಗಳು ಬಂದಳು. ಮುಖ ಬಾಡಿತ್ತು. "ಆಫೀಸಿಗೆ ಎಷ್ಟು ಹೊತ್ತು ಬೇಕೇ?" ಅಂದೆ.

"ಒಂದೂಕಾಲು ಗಂಟೆ. ಬರೋದಕ್ಕೂ ಅಷ್ಟೇ. ಯಾಕಮ್ಮ?"

"ಪಟ್ಟಿ ತೆಗಿ."

ತೆಗೆದಳು. ಅವಳ ಊರಲ್ಲಿ ಬೇಕಾಗುವ ಕಾರಿನ ಖರ್ಚು ಅದರಲ್ಲಿರಲಿಲ್ಲ. ಕಾರು ಎಲ್ಲರಿಗೂ ಇರುವುದೇ ಎಂದು ಬಿಟ್ಟಿದ್ದಳಂತೆ. ಅದನ್ನು ನಾನು ನಕ್ಕು ಬಿಟ್ಟೆ. ಆಮೇಲೆ ಹಾಳೆಯ ಮೇಲ್ತುದಿಗೆ ಕಣ್ಣು ಹೋಯಿತು. 'ಆದಾಯ: ಅಪ್ಪನ ಪೆನ್ಶನ್.' ಬಲಗಡೆಯೂ ಅಷ್ಟೇ. ಎಡಗಡೆಯೂ ಅಷ್ಟೇ.

"ನನ್ನ ದುಡಿಮೆ ಎಲ್ಲಿ?"

ಮಗಳು ಹಾಳೆಯನ್ನು ತನ್ನತ್ತ ಎಳೆದುಕೊಂಡು, "ಅಮ್ಮ, ನಿನಗೆ ಐವತ್ತೇಳು. ಇನ್ನೆಷ್ಟು ದಿನ ಕಂಡವರ ಚಪ್ಪಲಿ ಹಿಡ್ಕೊಂಡು ಕೂರ್ತೀಯ? ಅದಿಲ್ದೇನೂ ನಡೆಯುತ್ತೆ ಅಂತ ತೋರಿಸೋಕೆ ಹಾಕಿಲ್ಲ," ಅಂದಳು.

ಬಲಗಡೆ ಹಾಕದಿದ್ದರೆ ಸಹಿಸುತ್ತಿದ್ದೆ. ನಾನಿನ್ನೂ ಆ ಊರಿಗೆ ಬಂದಿಲ್ಲ. ಎಡಗಡೆ, ನನ್ನದೇ ಊರಲ್ಲಿ, ಇಪ್ಪತ್ತಾರು ವರ್ಷ ನಾನು ಕೂತ ಜಾಗದಲ್ಲಿ ನಾನೇ ಇರಲಿಲ್ಲ. ನನ್ನವರು ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿ ಅವರು ಮನೆ ಸೇರಿದ ಮೇಲೆ ಹನ್ನೊಂದು ವರ್ಷ ಬಾಡಿಗೆ ಕಟ್ಟಿದ್ದು ಯಾವ ಕೈ? ಇವಳ ಕಾಲೇಜು ಯಾರ ದಬ್ಬಳದ ತುದಿಯಲ್ಲಿ ಮುಗಿಯಿತು? ನನ್ನ ಮೈ ಉರಿದುಹೋಯಿತು. ಇವರ್ಯಾರೂ ಕೆಟ್ಟವರಲ್ಲ ಎಂಬುದು ಗೊತ್ತಿದ್ದುದರಿಂದ ಇನ್ನೂ ಹೆಚ್ಚು ಉರಿಯಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಅತ್ತೆ," ಎಂದು ಅಳಿಯಂದಿರು ಮೆಲ್ಲಗೆ ಬಾಯಿ ಹಾಕಿದರು.

"ಆ ಹಾಸಿಗೆ ಹೊಲಿದವಳು ನಾನು. ಕಾಲು ಎಷ್ಟು ಚಾಚಬೇಕು ಅಂತ ನೀವು ಅಳತೆ ಹೇಳ್ಬೇಡಿ," ಅಂದೆ. ಗಂಡನ ಕಡೆ ತಿರುಗಿದೆ. "ನೀವಿದನ್ನ ನೋಡಿದ್ರಾ?"

"ನೋಡಿದ್ದೆ," ಅಂದರು. "ಆಮೇಲೆ ಹೇಳೋಣ ಅಂತಿದ್ದೆ."

"ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು ರೀ. ನಿಮ್ಮ ಪೆನ್ಶನ್ ಎಷ್ಟು ಕುಡಿಕೆ?"

ಮಗಳು ಅಳುವಂತಾದಳು. ಅಮ್ಮ ಹತ್ತಿರವಿದ್ದರೆ ಸಾಕಿತ್ತು ನನಗೆ, ಅಂದಳು. ಅದು ಪಟ್ಟಿಯಲ್ಲಿ ಬರೆಯದಿದ್ದ ಇನ್ನೊಂದು ವಿಷಯ, ಮತ್ತು ಅದು ನನಗೆ ನಿಜವಾಗಿ ತಾಗಿತು. ಅವಳ ತಲೆ ನೇವರಿಸಿದೆ. ಚೀಲದಲ್ಲಿ ಸದಾ ಇರುವ ಚಾಕು, ಅಂಟು, ರಬ್ಬರ್ ತೆಗೆದು ಅವಳ ಬಲಗಾಲಿನ ಬೂಟುಗಳ ಹಿಮ್ಮಡಿಗಳನ್ನೆಲ್ಲ ಕೂತು ಸರಿಮಾಡಿದೆ. ಸಿಟ್ಟು ಬೇರೆ, ಕೆಲಸ ಬೇರೆ. "ತಿಂಗಳಿಗೊಮ್ಮೆ ಬರ್ತೀನಿ. ಬೇಕಾದ್ರೆ ನೀನೂ ಬಾ, ಅಲ್ಲಿ ನಡೆಯೋಕೆ ದಾರಿ ಇದೆ," ಅಂದೆ.

ಶುಕ್ರವಾರ ನಾಲ್ಕು ಗಂಟೆ ರೈಲಿನಲ್ಲಿ ಕೂತು ಇಬ್ಬರೂ ನಮ್ಮ ಊರಿಗೆ ಮರಳಿದೆವು.

ಶನಿವಾರ ಬೆಳಿಗ್ಗೆ ನಾನು ಓನರಮ್ಮನ ಮನೆಗೆ ಹೊರಟಾಗ ಅವರೂ ಶರ್ಟು ಹಾಕಿಕೊಂಡು ಹಿಂದೆ ಬಂದರು. ಏರಿಸಿದ ಬಾಡಿಗೆಯಲ್ಲಿ ಕಾಲು ಭಾಗವನ್ನಾದರೂ ಇಳಿಸಿ ಎಂದು ಮುಕ್ಕಾಲು ಗಂಟೆ ಪಟ್ಟು ಹಿಡಿದೆ. ಸೋರುವ ನಲ್ಲಿ, ಉರಿಯದ ಮೆಟ್ಟಿಲ ದೀಪ, ಒಂದನ್ನೂ ಬಿಡಲಿಲ್ಲ. ಓನರಮ್ಮ ಸೋತು ಕರಾರಿನ ಕಾಗದ ಎಳೆದುಕೊಂಡರು.

"ಯಜಮಾನ್ರ ಹೆಸರಲ್ಲೇ ತಾನೆ, ಮೊದಲಿನ ಹಾಗೆ?"

"ಅಲ್ಲ. ನನ್ನ ಹೆಸರಲ್ಲಿ."

"ಉದ್ಯೋಗ?"

"ಚಪ್ಪಲಿ ರಿಪೇರಿ. ಸ್ವಂತ ಅಂಗಡಿ."

ಬರೆದರು. ಪೆನ್ನೆತ್ತಿ ನನ್ನವರತ್ತ ನೋಡಿ, "ಇವರು?" ಅಂದರು.

"ಜೊತೆಯಲ್ಲಿರೋರು ಅಂತ ಕೆಳಗೆ ಒಂದು ಸಾಲು ಇದೆಯಲ್ಲ, ಅಲ್ಲಿ. ಇರ್ತಾರೋ ಬಾಲ್ಕನಿಗೆ ಹೋಗ್ತಾರೋ, ಅವರನ್ನೇ ಕೇಳಿ."

ನನ್ನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಮುಖ ತಿರುಗಿಸಲಿಲ್ಲ.

"ಇರ್ತೀನಿ," ಅಂದರು. "ಬರ್ಕೊಳ್ಳಿ."

"ಇವರ ಉದ್ಯೋಗ?"

ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ: "ಸೋಮವಾರದಿಂದ ನನ್ನ ಅಂಗಡಿಯಲ್ಲಿ ಸಹಾಯಕರು."

ಅವರು ಇಲ್ಲವೆನ್ನಲಿಲ್ಲ.