ಹತ್ತದೆ ಹಾಕಿದ ಸಹಿ

ನನಗೆ ಧೈರ್ಯವಂತ ಎಂಬ ಹೆಸರಿದೆ. ಸುಮ್ಮನೆ ಹೇಳುವುದಲ್ಲ, ಕಂಪೆನಿಯೇ ಚೌಕಟ್ಟು ಹಾಕಿಸಿ ಕೊಟ್ಟಿದೆ. ೨೦೦೫ರಲ್ಲಿ ಪೈಪು ಹಾಕಲು ತೋಡಿದ ಹೊಂಡದ ಮಣ್ಣು ಕುಸಿದು ಒಬ್ಬ ನೇಪಾಳಿ ಎದೆಯವರೆಗೆ ಹೂತುಹೋದಾಗ ನಾನು ಹಿಂದೆಮುಂದೆ ನೋಡದೆ ಹಾರಿ ಅವನನ್ನು ಎಳೆದು ತೆಗೆದೆ. ಯಾಕೆ ಹಾರಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಆ ಸರ್ಟಿಫಿಕೇಟು ಕತಾರಿನ ದೋಹಾ ಜದೀದಾದ ನಮ್ಮ ರೂಮಿನಲ್ಲಿ ಫ್ರಿಜ್ಜಿನ ಮೇಲಿದೆ. 'ಯಜ್ಞೇಶ್ ಶೆಟ್ಟಿಗಾರ್, ಅಸಾಧಾರಣ ಧೈರ್ಯಕ್ಕಾಗಿ' ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಊರಿನವರು ಯಾರು ಬಂದರೂ ಚಾ ಕೊಡುವ ಮೊದಲೇ ಅದನ್ನು ತೋರಿಸುತ್ತಿದ್ದೆ.

ಆ ಹೆಸರಿನಿಂದಲೇ ನನಗೆ ಸ್ಕಾಫೋಲ್ಡಿಂಗ್ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. ನಾವು ಕಟ್ಟುತ್ತಿದ್ದ ಟವರಿನ ಸುತ್ತ ಏಳು ಕಡೆ, ಕೆಲಸದವರು ನಿಲ್ಲಲು ಕಬ್ಬಿಣದ ಪೈಪಿನ ಸ್ಕಾಫೋಲ್ಡಿಂಗ್ ಇತ್ತು. ಪ್ರತಿ ಶನಿವಾರ ನಾನು ಒಂದೊಂದಕ್ಕೂ ಹತ್ತಿ, ಹಲಗೆಗಳನ್ನು ತಂತಿಯಿಂದ ಕಟ್ಟಿದ್ದಾರೋ ನೋಡಿ, ಇಳಿದು, ಏಣಿಯ ಬುಡದಲ್ಲಿ ಹಸಿರು ಟ್ಯಾಗ್‌ಗೆ ಸಹಿ ಹಾಕಬೇಕು. ಹಸಿರು ಇದ್ದರೆ ಕೆಲಸದವರು ಹತ್ತುತ್ತಾರೆ. ಕೆಂಪು ಇದ್ದರೆ ಸರಿಪಡಿಸುವವರ ಹೊರತು ಯಾರೂ ಕಾಲಿಡುವ ಹಾಗಿಲ್ಲ.

ಮೇ ತಿಂಗಳಿಂದ ನಾನು ಹತ್ತುವುದನ್ನು ಬಿಟ್ಟೆ. ಪೈಪು ಮುಟ್ಟಿದರೆ ಅಂಗೈ ಸುಡುತ್ತಿತ್ತು. ಪಿಕಪ್‌ನ ಎ.ಸಿ.ಯಲ್ಲಿ ಕುಳಿತು ಏಳು ಟ್ಯಾಗ್‌ಗಳಿಗೂ ಒಟ್ಟಿಗೆ ಸಹಿ ಗೀಚಿ ಸಿಕ್ಕಿಸಿ ಬರುತ್ತಿದ್ದೆ. ಎಲ್ಲರೂ ಮಾಡುವುದೇ ಹೀಗೆ ಎಂದುಕೊಂಡೆ. ಎಲ್ಲರೂ ಮಾಡುತ್ತಾರೋ ಎಂದು ಯಾರಲ್ಲೂ ಕೇಳಿರಲಿಲ್ಲ.

ಸ್ಕಾಫೋಲ್ಡಿಂಗ್ ಕಟ್ಟುವವರು ಚೀನಾದವರು. ಅವರ ಫೋರ್‌ಮನ್ ಗಾವೊ, ಐವತ್ತು ದಾಟಿದವನು. ಅರ್ಧ ಇಂಗ್ಲಿಷ್, ಕಾಲು ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ಮಾತಾಡುತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ರೂಮಿಗೆ ಮೀನು ಸಾರಿನ ಊಟಕ್ಕೆ ಬಂದಿದ್ದ. ಅವನಿಗೂ ಸರ್ಟಿಫಿಕೇಟು ತೋರಿಸಿದೆ. ಅವನು ಕನ್ನಡಕ ಹಾಕಿ ನಿಧಾನವಾಗಿ ಓದಿ, ಹಾರುವಾಗ ನಿನಗೆ ಯಾವುದಾದರೂ ನಾಚಿಕೆ ಇತ್ತೇ ಎಂದು ಕೇಳಿದ.

ನಾನು ನಕ್ಕೆ. ಧೈರ್ಯಕ್ಕೂ ನಾಚಿಕೆಗೂ ಎಲ್ಲಿಯ ನಂಟು?

ಅವನ ಅಜ್ಜ ಹಳ್ಳಿಯ ಶಾಲೆಯ ಮೇಷ್ಟ್ರಂತೆ. ಅಜ್ಜ ಹೇಳುತ್ತಿದ್ದದ್ದನ್ನು ಗಾವೊ ಅನ್ನ ಕಲಸುತ್ತ ತಿಳಿಸಿದ. ಧೈರ್ಯದಲ್ಲಿ ಎರಡಿದೆ. ರಕ್ತ ಕುದಿದಾಗ ಬರುವುದು ಸಣ್ಣದು, ಅದು ಕೋಳಿ ಅಂಕದಲ್ಲಿ ಕಾದಾಡುವ ಹುಂಜಕ್ಕೂ ಇದೆ. ದೊಡ್ಡದು ತಣ್ಣಗೆ ಬರುತ್ತದೆ. ನಾನು ನೆಟ್ಟಗಿದ್ದೇನೆಯೇ ಎಂದು ಒಳಗೆ ನೋಡಿಕೊಳ್ಳಬೇಕು. ನೆಟ್ಟಗಿದ್ದರೆ ಊರೇ ಎದುರು ನಿಂತರೂ ಹೆದರಬೇಕಿಲ್ಲ, ಇಲ್ಲದಿದ್ದರೆ ಹರಕು ಅಂಗಿಯ ಬಡವನೊಬ್ಬನಿಗೂ ಹೆದರಬೇಕಾಗುತ್ತದೆ. ನೆಟ್ಟಗಿಲ್ಲ ಎಂದು ನಾಚುವವನು ದೊಡ್ಡ ಧೈರ್ಯದ ಬಾಗಿಲವರೆಗಾದರೂ ಬಂದ ಹಾಗೆ. 'ಹುಂಜ' ಎಂಬುದನ್ನು ಅವನು ಎರಡೂ ತೋಳು ಬಡಿದು ತೋರಿಸಿದ್ದ. ಅವನು ಹೋದ ಮೇಲೆ ನಾನು ಅದನ್ನೇ ಮಾಡಿ ರೂಮಿನವರನ್ನು ನಗಿಸಿದೆ.

೨೦೦೭ರ ಆಗಸ್ಟ್, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ನಾಲ್ಕನೆಯ ಸ್ಕಾಫೋಲ್ಡಿಂಗ್‌ನ ಹಲಗೆ ಮಗುಚಿ ಮೊಯ್ದಿನ್ ಕುಂಞಿ ಕೆಳಗೆ ಬಿದ್ದ. ಉಳ್ಳಾಲದ ಕಡೆಯವನು, ಪ್ಲಾಸ್ಟರಿಂಗ್ ಮೇಸ್ತ್ರಿ. ಸಿಮೆಂಟು ಚೀಲ ಬಿದ್ದ ಹಾಗೆ ಸದ್ದಾಯಿತು. ನಾನು ಯಾಕೋ ಗಡಿಯಾರ ನೋಡಿದೆ. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಹೋದ ಮೇಲೆ ನನಗೆ ಅಳುವಾಗಲಿ ಹೆದರಿಕೆಯಾಗಲಿ ಬರಲಿಲ್ಲ. ಊಟದ ಹೊತ್ತಿಗೆ ಊಟ ಮಾಡಿದೆ, ರುಚಿ ಮಾತ್ರ ಗೊತ್ತಾಗಲಿಲ್ಲ.

ಗುರುವಾರ ಸೈಟ್ ಆಫೀಸಿನಲ್ಲಿ ವಿಚಾರಣೆ, ಇಂಗ್ಲಿಷಿನಲ್ಲಿ. ನಡೆಸಿದವರು ಸೇಫ್ಟಿ ಮ್ಯಾನೇಜರ್ ರಾಫೆಲ್ ಸರ್, ನಮ್ಮ ಮಂಗಳೂರಿನವರೇ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು. ಒಳಗೆ ಹೋಗುವ ಮೊದಲೇ ಭುಜ ತಟ್ಟಿದ್ದರು. "ನೀನು ಹೆಚ್ಚು ಮಾತಾಡ್ಬೇಡ ಮಾರಾಯ. ಚೆಕ್ ಮಾಡಿದೆ ಅಂತ ಹೇಳು, ಖಲಾಸ್."

ಗಾವೊ ಕರೆಯುವ ಮೊದಲೇ ಎದ್ದು ನಿಂತ. "ಮೈ ಬಾಯ್ಸ್ ನೋ ಟೈ," ಎಂದ. ಸೋಮವಾರ ಸಂಜೆ ಹಲಗೆ ಬದಲಿಸಿದವರು ತಂತಿ ಕಟ್ಟಲಿಲ್ಲ, ತಾನು ನೋಡಿಯೂ ನಾಳೆ ಕಟ್ಟಿಸಿದರಾಯಿತು ಎಂದುಕೊಂಡಿದ್ದ, ತಪ್ಪು ತನ್ನದು. ಇಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕಿವಿಯವರೆಗೆ ಕೆಂಪಾಗಿದ್ದ. ರಾಫೆಲ್ ಸರ್ ಬರೆದುಕೊಳ್ಳುತ್ತಿದ್ದವನ ಕೈ ತಡೆದು, ಇವನಿಗೆ ಭಾಷೆ ಸರಿ ಬರುವುದಿಲ್ಲ, ಅದನ್ನೆಲ್ಲ ಬರೆಯಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಚೆಕ್ ಮಾಡಿದ್ದೆ ಸರ್, ಕಟ್ಟಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಾಲಿಗೆ ತಡವರಿಸಲಿಲ್ಲ. ಸೋಮವಾರ ಬಿಚ್ಚಿದ್ದಕ್ಕೆ ಶನಿವಾರದ ಸಹಿ ಏನು ಮಾಡೀತು ಎಂದು ಒಳಗೊಳಗೇ ವಕಾಲತ್ತು ಕೂಡ ನಡೆಸಿದೆ. ಗಾವೊ ನನ್ನನ್ನು ಒಮ್ಮೆ ನೋಡಿ ಕುಳಿತ. ಹಲಗೆಯನ್ನು ಮೊಯ್ದಿನ್ ಕುಂಞಿಯೇ ಜರುಗಿಸಿದ್ದಾನೆ ಎಂದು ರಿಪೋರ್ಟು ಆಯಿತು. ತಪ್ಪು ಅವನದೇ ಎಂದಾದರೆ ಚಿಕಿತ್ಸೆ ಮುಗಿಯುವುದನ್ನು ಕಂಪೆನಿ ಕಾಯಬೇಕಿಲ್ಲ, ಸ್ಟ್ರೆಚರಿನಲ್ಲೇ ವಿಮಾನ ಹತ್ತಿಸಿ ಊರಿಗೆ ಕಳಿಸಬಹುದು.

ಒಪ್ಪಿಗೆಯ ಕಾಗದಕ್ಕೆ ಅವನ ಸಹಿ ತರಲು ರಾಫೆಲ್ ಸರ್ ನನ್ನನ್ನೇ ಕಳಿಸಿದರು. "ನಿನ್ನ ಮಾತು ಅವ ಕೇಳ್ತಾನೆ. ನಿನ್ನ ಮೇಲೆ ಅವನಿಗೆ ಮರ್ಯಾದೆ ಉಂಟು," ಎಂದರು.

ಅಂದೇ ಸಂಜೆ ಹೋದೆ. ಆಸ್ಪತ್ರೆಯಲ್ಲಿ ಅವನು ಅಂಗಾತ ಮಲಗಿದ್ದ. ಆಸ್ಪತ್ರೆಯವರ ಹಸಿರು ಅಂಗಿ, ಹೆಗಲಿನ ದಾರ ಕಿತ್ತುಹೋಗಿ ಜಾರುತ್ತಿತ್ತು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದ.

"ಬನ್ನಿ ಯಜ್ಞೇಶಣ್ಣ. ಎಂಥದು ಕಾಗದ? ನಂಗೆ ಇಂಗ್ಲಿಷ್ ಬರುದಿಲ್ಲ, ಓದಿ ಹೇಳಿ."

ಓದಿ ಹೇಳಿದೆ. ಹಲಗೆಯನ್ನು ನಾನೇ ಜರುಗಿಸಿದೆ, ಬೇರೆ ಯಾರದೂ ತಪ್ಪಿಲ್ಲ ಎಂದು ಅದರಲ್ಲಿತ್ತು.

"ಜರುಗಿಸಿದ ನೆನಪಿಲ್ಲ ನಂಗೆ. ಆದ್ರೆ ನೀವು ಹತ್ತಿ ನೋಡಿದ್ದೀರಂತಲ್ಲ. ನೀವು ನೋಡಿದ ಮೇಲೆ ಮತ್ತೆಂಥ? ನಾನೇ ಏನೋ ಮಾಡಿರ್ಬೇಕು. ಆಸ್ಯಮ್ಮನಿಗೂ ಫೋನಲ್ಲಿ ಹಾಗೇ ಹೇಳಿದೆ. ಪೆನ್ನು ಕೊಡಿ."

ಹೆಂಡತಿಗೂ ಹೇಳಿಬಿಟ್ಟಿದ್ದಾನೆ. ಅವನ ಕೈ ಪೆನ್ನಿಗಾಗಿ ಚಾಚಿಕೊಂಡೇ ಇತ್ತು. ಆಗ ನನಗೆ ಹೆದರಿಕೆಯಾಯಿತು. ಹೊಂಡಕ್ಕೆ ಹಾರುವಾಗ ಆಗದ ಹೆದರಿಕೆ, ಏಳಲಾಗದ ಒಬ್ಬ ಮನುಷ್ಯನ ಮುಂದೆ.

"ನಾನು ಹತ್ತಲಿಲ್ಲ ಮೊಯ್ದಿನ್," ಎಂದೆ.

"ಯಾವಾಗ?"

"ಮೇಯಿಂದ. ಒಂದಕ್ಕೂ ಹತ್ತಲಿಲ್ಲ. ಪಿಕಪ್‌ನಲ್ಲಿ ಕೂತು ಸಹಿ ಹಾಕಿದ್ದು."

ಅವನು ಚಾಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡ. ಬೈಯಲಿಲ್ಲ. "ನಾವು ದಿನಾ ಆ ಹಸಿರು ನೋಡಿಯೇ ಹತ್ತಿದ್ದು," ಎಂದ. ಆಮೇಲೆ, "ನನ್ನ ಹತ್ರ ಹೇಳಿದ್ರಿ. ನಾನು ಏಳ್ಲಿಕ್ಕಾಗದವ. ಅಲ್ಲಿ ಹೇಳ್ತೀರಾ?"

ನಾನು ಕಾಗದ ಮಡಚಿ ಕಿಸೆಗಿಟ್ಟು ಬಂದೆ.

ಶುಕ್ರವಾರ ಬಟ್ಟೆ ಒಗೆದೆ. ಸರ್ಟಿಫಿಕೇಟಿನ ಧೂಳು ಒರೆಸಲು ಹೋಗಿ ಬಿಟ್ಟೆ. ಎದೆಯೊಳಗೆ ಏನೂ ಇರಲಿಲ್ಲ, ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ.

ಶನಿವಾರ ಬೆಳಿಗ್ಗೆ ಪಿಕಪ್ ನಿಲ್ಲಿಸಿ ಎ.ಸಿ. ಆಫ್ ಮಾಡಿ ಇಳಿದೆ. ನಾಲ್ಕನೆಯದಕ್ಕೆ ಹತ್ತಿದೆ. ಮೇಲೆ ಇನ್ನೂ ಮೂರು ಹಲಗೆಗಳಿಗೆ ತಂತಿ ಇರಲಿಲ್ಲ. ಪೈಪಿನ ತುದಿಯಲ್ಲಿ ತುಕ್ಕು, ಅದನ್ನು ಬಿಗಿಯುವ ಕ್ಲಾಂಪು ಸಡಿಲ, ಅದು ಸೋಮವಾರದ ಮಾತಲ್ಲ, ತಿಂಗಳುಗಳ ಮಾತು. ನಾನು ಒಮ್ಮೆ ಹತ್ತಿದ್ದರೂ ಕಾಣುತ್ತಿತ್ತು. ಇಳಿದು ಹಸಿರು ಟ್ಯಾಗ್ ಕಿತ್ತು ಕೆಂಪು ಸಿಕ್ಕಿಸಿದೆ. ಆಮೇಲೆ ಉಳಿದ ಆರಕ್ಕೂ. ಹತ್ತಲು ಬಂದಿದ್ದವರು ಕೆಳಗೆ ಗುಂಪಾಗಿ ನಿಂತರು. ಅರ್ಧ ಗಂಟೆಯಲ್ಲಿ ಟವರಿನ ಕೆಲಸವೆಲ್ಲ ನಿಂತಿತು. ಗಾವೊ ತಂತಿಯ ಸುರುಳಿ ಹೆಗಲಿಗೆ ಹಾಕಿ ನಾಲ್ಕನೆಯದರ ಏಣಿ ಹತ್ತಿದ.

ರಾಫೆಲ್ ಸರ್ ಓಡಿ ಬಂದರು. "ಬಿಸಿಲಿಗೆ ತಲೆ ತಿರುಗಿತಾ ನಿಂಗೆ? ಯಾರು ಹೇಳಿದ್ದು ಕೆಂಪು ಹಾಕ್ಲಿಕ್ಕೆ? ಯಲ್ಲಾ, ಬೇಗ ತೆಗಿ ಎಲ್ಲ!"

ಸಹಿಯಿಲ್ಲದ ಕಾಗದವನ್ನು ಅವರ ಕೈಗೆ ಕೊಟ್ಟೆ. "ಮೇಯಿಂದ ನಾನು ಒಂದಕ್ಕೂ ಹತ್ತಲಿಲ್ಲ ಸರ್. ಮೊಯ್ದಿನ್ ಏನೂ ಮುಟ್ಟಲಿಲ್ಲ. ಗಾವೊ ಹೇಳಿದ್ದೂ ನಿಜ. ಗುರುವಾರ ನಾನು ಹೇಳಿದ್ದು ಸುಳ್ಳು."

ಅವರು ಬಾಯಿ ತೆರೆದು, ಸುತ್ತ ನಿಂತವರನ್ನು ನೋಡಿ, ಮತ್ತೆ ಮುಚ್ಚಿದರು. ಇವನಿಗೆ ಭಾಷೆ ಸರಿ ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ನಾನು ತುಳುವಿನಲ್ಲಿ ಹೇಳಿದ್ದೆ.